ಅರಮನೆಯ ಒಂಟೆ, ಜಹ್ರಾದ ಒಂಟೆ

ಪ್ರತಿ ಮನೆಯಲ್ಲೂ ಫೋಟೋ ತೆಗೆಯುವವರು ಒಬ್ಬರಿರುತ್ತಾರೆ. ಉಳಿದವರು ನಿಲ್ಲುವವರು, ನಗುವವರು, ಸರಿಯಾದ ಗಳಿಗೆಯಲ್ಲಿ ಕಣ್ಣು ಮುಚ್ಚಿ ಕೆಡಿಸುವವರು. ತೆಗೆಯುವವರು ಇರುವಷ್ಟು ದಿನ ಈ ಏರ್ಪಾಡಿನಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ನಮ್ಮ ಮನೆಯಲ್ಲಿ ತೆಗೆಯುವವರು ಇವರಾಗಿದ್ದರು. ಇವರು ಎಂದರೆ ನನ್ನ ಗಂಡ ದಿನೇಶ. ಎದೆನೋವು ಎಂದು ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ಆಮೇಲೆ ಮಗಳ ಇಕಾಮಾ, ಎಂದರೆ ಇಲ್ಲಿ ವಾಸಿಸುವ ಪರವಾನಗಿ, ನನ್ನ ಹೆಸರಿಗೆ ಬದಲಾಯಿತು, ಬ್ಯಾಂಕಿನ ಕಾಗದ ಬದಲಾಯಿತು, ಗ್ಯಾಸಿನವನ ಫೋನಿನಲ್ಲಿದ್ದ ಹೆಸರೂ ಬದಲಾಯಿತು. ಇಷ್ಟೆಲ್ಲ ಮುಗಿದು ಒಂದು ದಿನ ನಿಧಾನವಾಗಿ ಕೂತು ಇವರ ಫೋನು ತೆರೆದು ನೋಡಿದರೆ ಅದರಲ್ಲಿ ಇವರೊಬ್ಬರನ್ನು ಬಿಟ್ಟು ಕುವೈತಿನಲ್ಲಿರುವ ಎಲ್ಲರೂ ಇದ್ದರು.

ಫೋಟೋ ಇಲ್ಲವೆಂದಲ್ಲ. ಫೋಟೋದಲ್ಲಿ ಇವರು ಇಕಾಮಾ ಕಾರ್ಡಿಗೆ ನಿಂತಂತೆ ನಿಲ್ಲುತ್ತಿದ್ದರು. ಚಲಿಸುವ ಇವರು ಎಲ್ಲೂ ಇರಲಿಲ್ಲ. ವಿಡಿಯೋಗಳಲ್ಲಿ ನಾನು ಶವರ್ಮಾ ತಿನ್ನುತ್ತಿದ್ದೇನೆ, ಮಗಳು ಶ್ರಾವ್ಯ ಶಾಲೆಯಲ್ಲಿ ಕುಣಿಯುತ್ತಿದ್ದಾಳೆ, ಸಮುದ್ರದ ಬದಿಯಲ್ಲಿ ಯಾರದೋ ಬೆಕ್ಕು ಮಲಗಿದೆ. ಇವರ ಪಾಲಿಗೆ ಬಂದದ್ದು ಧ್ವನಿ ಮಾತ್ರ. "ಸ್ವಲ್ಪ ಈಚೆ ಬಾ ಮಾರಾಯ್ತಿ, ಕಂಬ ಬರ್ತದೆ." ಒಂದರಲ್ಲಿ ಹೆಬ್ಬೆರಳು ಇದೆ. ಇನ್ನೊಂದರಲ್ಲಿ ಮರಳಿನ ಮೇಲೆ ನೆರಳು ಇದೆ, ಅದೂ ನಾನು "ಸಾಕು ಮಾರಾಯ್ರೆ, ಬಿಸಿಲು" ಎಂದು ಬೈಯುತ್ತಿರುವಾಗ.

ಶ್ರಾವ್ಯ ಒಂಬತ್ತನೆಯ ಕ್ಲಾಸು. ನಾವು ಮನೆಯಲ್ಲಿ ತುಳು ಮಾತಾಡಿದರೆ ಅವಳ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ನಾನು ಇಲ್ಲಿ ಹೆಚ್ಚಿನದನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಒಂದು ದಿನ ಬಟ್ಟೆ ಮಡಚುತ್ತಿದ್ದಾಗ ಅವಳು ಕೇಳಿದಳು, "ಅಮ್ಮ, ಪಪ್ಪ ಹೇಗೆ ನಡೀತಿದ್ರು? ಮುಖ ನೆನಪುಂಟು. ನಡೆಯುವುದು ಮಾತ್ರ ನೆನಪಾಗುವುದಿಲ್ಲ."

ಇದೇನು ದೊಡ್ಡ ಪ್ರಶ್ನೆ ಎಂದು ಎದ್ದು ನಿಂತೆ, ಅಡುಗೆಮನೆಯಿಂದ ಬಾಗಿಲವರೆಗೆ ನಡೆದು ತೋರಿಸಿದೆ. ಶ್ರಾವ್ಯ ಯೋಚಿಸಿ, "ಇದು ನಮ್ಮ ಹಾರಿಸ್" ಎಂದಳು. ಹಾರಿಸ್ ಎಂದರೆ ಕಟ್ಟಡ ನೋಡಿಕೊಳ್ಳುವ ಈಜಿಪ್ಟಿನ ಮುದುಕ. ಮತ್ತೊಮ್ಮೆ ನಡೆದೆ. ಈ ಸಲ ನನಗೇ ಅದು ನನ್ನ ಮಾವನವರಂತೆ ಕಂಡಿತು. ಕೂತುಬಿಟ್ಟೆ. ಆಗ ನನಗೆ ಹೊಳೆದದ್ದು, ಇವರು ನಡೆಯುವುದನ್ನು ನಾನು ಸರಿಯಾಗಿ ನೋಡಿದವಳೇ ಅಲ್ಲ. ಏಕೆಂದರೆ ಮದುವೆಯಾದಂದಿನಿಂದ ಇವರು ನಡೆದದ್ದು ನನ್ನ ಹಿಂದೆ. ನಾವಿರುವ ರಿಗ್ಗೈಯ ಬೀದಿಯಲ್ಲಿ, ಸೂಪರ್‌ಮಾರ್ಕೆಟಿನಲ್ಲಿ, ವಿಮಾನ ನಿಲ್ದಾಣದಲ್ಲಿ, ಎಲ್ಲೆಡೆ ನನ್ನಿಂದ ಒಂದು ಹೆಜ್ಜೆ ಹಿಂದೆ, ನನ್ನ ಎಡಗಾಲಿಗೆ ತಮ್ಮ ಎಡಗಾಲು, ಬಲಗಾಲಿಗೆ ಬಲಗಾಲು ಸೇರಿಸಿಕೊಂಡು ಬರುತ್ತಿದ್ದರು. "ಪಕ್ಕದಲ್ಲಿ ಬನ್ನಿ, ನಾನೇನು ಓಡಿಹೋಗುತ್ತೇನಾ?" ಎಂದು ಎಷ್ಟು ಸಲ ಹೇಳಿದೆನೋ. "ಅಭ್ಯಾಸ ಮಾರಾಯ್ತಿ" ಎನ್ನುತ್ತಿದ್ದರು. ಎಂತಹ ಅಭ್ಯಾಸ ಎಂದು ನಾನು ಕೇಳಲಿಲ್ಲ. ಗಂಡಸರಿಗೆ ಏನೇನೋ ಅಭ್ಯಾಸಗಳಿರುತ್ತವೆ. ಇದು ಕೆಟ್ಟದ್ದರಲ್ಲಿ ಸೇರಿರಲಿಲ್ಲ.

ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯಲ್ಲಿ ಗ್ರೇಸಿಯಕ್ಕ ಇದ್ದಾರೆ. ಮಂಗಳೂರಿನ ಕಡೆಯವರು, ನರ್ಸು. ಇವರು ಹೋದ ದಿನದಿಂದ ಅವರ ಮನೆಯ ಸಾರು ನಮ್ಮ ಮನೆಗೆ, ನಮ್ಮ ಮನೆಯ ಪಾತ್ರೆ ಅವರ ಮನೆಗೆ ಓಡಾಡುತ್ತಿವೆ. ನಡಿಗೆಯ ಸಂಗತಿ ಕೇಳಿ ಅವರು ಅಂದರು, "ನೀನು ಎಂತಕ್ಕೆ ನಡೆದು ತೋರಿಸುವುದು ಶಶಿ? ಅವ ಯಾವಾಗ ನೋಡಿದರೂ ಆ ಕ್ಯಾಸಿನೊದ ಕತೆ ಹೇಳ್ತಿದ್ದನಲ್ಲ. ಅಲ್ಲಿಗೆ ಊರೂರಿನವರು ಬಂದು ವಿಡಿಯೋ ತೆಗೆದಿರ್ತಾರೆ. ಒಬ್ಬರದ್ದರಲ್ಲಾದರೂ ಅವ ಇರ್ಲಿಕ್ಕಿಲ್ವಾ? ಹುಡುಕಿ ಮಕ್ಕಳೇ."

ಈಗ ಆ ಕ್ಯಾಸಿನೊದ ವಿಷಯ ಹೇಳಬೇಕು. ನಮ್ಮ ಮನೆಗೆ ಊಟಕ್ಕೆ ಬಂದವರು ಯಾರೂ ಅದನ್ನು ಕೇಳದೆ ಕೈ ತೊಳೆದದ್ದಿಲ್ಲ, ನೀವೇಕೆ ತಪ್ಪಿಸಿಕೊಳ್ಳಬೇಕು?

ಕುವೈತಿಗೆ ಬರುವ ಮೊದಲು ಇವರು ಕೆಲಸ ಮಾಡಿದ್ದು ಮಕಾವಿನ ಒಂದು ದೊಡ್ಡ ಕ್ಯಾಸಿನೊ ಹೋಟೆಲಿನಲ್ಲಿ. ಅದರ ಇತಿಹಾಸವನ್ನು ಇವರು ಸ್ಥಳಪುರಾಣ ಹೇಳುವ ಭಟ್ಟರಂತೆ ಮೊದಲಿನಿಂದ ಹೇಳುತ್ತಿದ್ದರು. ಮೊದಲು ಅದು ಕಡಲ್ಗಳ್ಳರ ಕತೆಯಂತೆ ಕಟ್ಟಿದ ಹೋಟೆಲಾಗಿತ್ತಂತೆ. ಮುಂದೆ ಕೊಳ, ಕೊಳದಲ್ಲಿ ದೊಡ್ಡ ಹಡಗು. ಸಂಜೆಯಾದರೆ ಗುಂಡಿನ ಶಬ್ದವಾಗಿ, ಬೆಂಕಿ ಹತ್ತಿ, ಹಡಗು ನಿಧಾನವಾಗಿ ಮುಳುಗುತ್ತಿತ್ತು. ಜನ ಚಪ್ಪಾಳೆ ಹೊಡೆದು ಎದುರಿನ ಹೋಟೆಲಿಗೆ ಹೋಗಿ ಆಡುತ್ತಿದ್ದರು. ಬಾಗಿಲಲ್ಲೇ ಹಡಗು ಮುಳುಗುವ ಜಾಗದಲ್ಲಿ ಯಾರು ಇಸ್ಪೀಟು ಹಿಡಿಯುತ್ತಾರೆ? ಇಷ್ಟು ಸಣ್ಣ ವಿಷಯ ಯಜಮಾನರಿಗೆ ತಿಳಿಯಲು ಬಹಳ ಕಾಲ ಹಿಡಿಯಿತಂತೆ. ಆಮೇಲೆ ಹಡಗು ಒಡೆದರು. ಕೊಳವನ್ನು ಓಯಸಿಸ್ ಮಾಡಿದರು. ಹಡಗಿನ ಕಂಬಗಳಿಗೆ ಪ್ಲಾಸ್ಟಿಕ್ಕಿನ ಗರಿ ಸಿಕ್ಕಿಸಿ ಖರ್ಜೂರದ ಮರ ಮಾಡಿದರು. ಹೋಟೆಲು ಮರುಭೂಮಿಯ ಸುಲ್ತಾನನ ಅರಮನೆಯಾಯಿತು. ಇವರು ಸೇರಿದ್ದು ಆಗ.

ಅರಮನೆಯ ಒಳಗೆ ಕಿಟಕಿ ಇಲ್ಲ, ಗಡಿಯಾರ ಇಲ್ಲ. ಮೇಲಿನ ಮಾಡಿಗೆ ಬಣ್ಣದಲ್ಲಿ ಆಕಾಶ ಬರೆದು ದೀಪ ಬಿಟ್ಟಿದ್ದರು. ಅಲ್ಲಿ ಯಾವಾಗಲೂ ಮುಸ್ಸಂಜೆ. ಆಡುವವರಿಗೆ ಹೊತ್ತು ಹೋದದ್ದು ಗೊತ್ತಾಗಬಾರದೆಂದು ಈ ವ್ಯವಸ್ಥೆ. ಇವರು ಹೋದ ಮೇಲೆ ಕೆಲವು ತಿಂಗಳು ನಮ್ಮ ಮನೆಯೂ ಹಾಗೇ ಇತ್ತು. ಪರದೆ ತೆಗೆಯಬೇಕೆಂದು ಯಾರಿಗೂ ತೋಚಲಿಲ್ಲ. ನಾವು ಏನೂ ಆಡಿರಲಿಲ್ಲ, ಸುಮ್ಮನೆ ಸೋತು ಕೂತಿದ್ದೆವು.

ಅರಮನೆಯ ಮುಖ್ಯ ಆಕರ್ಷಣೆ ಮರಳಿನ ಬಿರುಗಾಳಿ. ಗಂಟೆಗೊಂದು ಸಲ ಗುಡುಗಿನ ಶಬ್ದವಾಗಿ, ದೊಡ್ಡ ಫ್ಯಾನುಗಳು ತಿರುಗಿ, ಹಳದಿ ಹುಡಿ ಹಾರುತ್ತಿತ್ತಂತೆ. ಅದಕ್ಕೆ ಏಲಕ್ಕಿಯ ಪರಿಮಳ ಸೇರಿಸುತ್ತಿದ್ದರಂತೆ. ಗಾಳಿ ನಿಂತ ಕೂಡಲೇ ದರ್ಬಾರಿನ ಮೆರವಣಿಗೆ. ಕಾವಲಿನವರು, ವಜೀರ, ನರ್ತಕಿಯರು, ಬಟ್ಟೆಯ ಒಂಟೆ, ಕೊನೆಗೆ ಮೆಟ್ಟಿಲಿಳಿದು ಬರುವ ಸುಲ್ತಾನ. ಇಂಥದ್ದನ್ನು ನೋಡಿ ಬಂದವರು ನಿಜವಾದ ಮರುಭೂಮಿಗೆ ಬಂದರೆ ಏನಾಗುತ್ತದೆ? ಇವರಿಗೆ ಕುವೈತು ಸ್ವಲ್ಪ ಕಳಪೆಯಾಗಿ ಕಂಡಿತು. ಧೂಳು ಎದ್ದ ದಿನ ನಾನು ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದರೆ ಇವರು ಗಾಜಿನ ಹಿಂದೆ ನಿಂತು ವಿಮರ್ಶೆ ಮಾಡುತ್ತಿದ್ದರು. "ಇದಕ್ಕೆ ಶುರು ಇಲ್ಲ, ಕೊನೆ ಇಲ್ಲ. ಅಲ್ಲಿ ಚಾ ಆರುವುದರೊಳಗೆ ಖಲಾಸ್." "ಗುಡಿಸುವವರು ಯಾರಿದ್ರು ಅಲ್ಲಿ?" ಎಂದು ನಾನು ಕೇಳುತ್ತಿದ್ದೆ. ವಿಮರ್ಶೆ ಅಲ್ಲಿಗೆ ನಿಲ್ಲುತ್ತಿತ್ತು.

ನಮ್ಮ ಸಂಬಂಧ ಕೂಡಿಬಂದದ್ದೂ ಈ ಅರಮನೆಯಿಂದಲೇ. ಹುಡುಗ ಫಾರಿನ್ನಿನಲ್ಲಿದ್ದಾನೆ, ಅರಮನೆಯಲ್ಲಿ ಕೆಲಸ ಎಂದು ಬಂದವರು ಹೇಳಿದರು. ನನ್ನ ಅಪ್ಪ ಪೋಸ್ಟ್ ಮಾಸ್ತರರು, ವಿಚಾರಿಸದೆ ಬಿಡುವವರಲ್ಲ.

"ಅರಮನೆಯಲ್ಲಿ ಎಂತ ಕೆಲಸ?" ಎಂದು ಹುಡುಗನನ್ನೇ ಕೇಳಿದರು.

"ದರ್ಬಾರಿನಲ್ಲಿ. ನಾನು ಬಾರದೆ ಮೆರವಣಿಗೆ ಹೊರಡುವುದಿಲ್ಲ."

"ನಿಮ್ಮ ಮೇಲಿನವರು?"

"ನನ್ನ ಮುಂದೆ ಒಬ್ಬ ಇದ್ದಾನೆ, ರೋಮೆಲ್ ಅಂತ. ಫಿಲಿಪಿನೊ. ಒಳ್ಳೆಯವ."

ಅಪ್ಪ ಸಮಾಧಾನದಿಂದ ನನ್ನತ್ತ ನೋಡಿದರು. ಮೇಲೆ ಒಬ್ಬನೇ ಅಧಿಕಾರಿ ಇರುವ ಅಳಿಯ ಯಾರಿಗೆ ಬೇಡ? ಇವರು ಒಂದು ಫೋಟೋ ಕೂಡ ತೋರಿಸಿದರು. ಜರಿಯ ಮುಂಡಾಸು ಸುತ್ತಿ ಸಿಂಹಾಸನದ ಮೇಲೆ ಕೂತದ್ದು. ಅದನ್ನು ಅಮ್ಮ ಊರಿನ ಮನೆಯ ಶೋಕೇಸಿನಲ್ಲಿ ಇಟ್ಟರು, ಇವತ್ತಿಗೂ ಇದೆ. ಅಂದಿನಿಂದ ನನ್ನ ಮಟ್ಟಿಗೆ ಇವರು ವಜೀರ. ಶ್ರಾವ್ಯಳ ಪಾಲಿಗೆ ಅವಳ ಪಪ್ಪ ಒಮ್ಮೆ ಸುಲ್ತಾನನೇ ಆಗಿದ್ದರು. ನಮ್ಮ ಊರಿನವರ ಸಂಘದ ಪಿಕ್ನಿಕ್ಕಿನಲ್ಲಿ ಯಾರಾದರೂ ದನಿ ತಗ್ಗಿಸಿ, "ಕ್ಯಾಸಿನೊದಲ್ಲಿ ಎಂತ ಮಾಡ್ತಿದ್ದದ್ದು ದಿನೇಶಣ್ಣ?" ಎಂದರೆ, "ಎಂಟರ್‌ಟೈನ್‌ಮೆಂಟ್ ಡಿಪಾರ್ಟ್‌ಮೆಂಟ್" ಎಂದು ಇವರೂ ದನಿ ತಗ್ಗಿಸಿಯೇ ಹೇಳುತ್ತಿದ್ದರು. ಜೂಜು ಮುಟ್ಟಿದವರಲ್ಲ. ಪಿಕ್ನಿಕ್ಕಿನ ಹಗ್ಗಜಗ್ಗಾಟದಲ್ಲಿ ಯಾವ ಕಡೆ ಗೆಲ್ಲುತ್ತದೆ ಎಂದು ಕೇಳಿದರೂ ಉತ್ತರಿಸುತ್ತಿರಲಿಲ್ಲ.

ಈ ಡಿಪಾರ್ಟ್‌ಮೆಂಟಿಗೆ ಇವರನ್ನು ತೆಗೆದುಕೊಂಡದ್ದು ಹುಲಿವೇಷದಿಂದ. ಇವರದು ಉಡುಪಿಯ ಹತ್ತಿರದ ಊರು. ಅಷ್ಟಮಿಗೆ ಮೈಗೆ ಬಣ್ಣ ಬಳಿದು ದಿನವಿಡೀ ತಾಸೆ ಡೋಲಿನ ಬಡಿತಕ್ಕೆ ಕುಣಿದು ಬೆಳೆದವರು. ಆ ಕಾಲು ಆಮೇಲೆ ಸುಮ್ಮನಿದ್ದದ್ದೇ ಇಲ್ಲ. ಮನೆಯಲ್ಲಿ ಪಾತ್ರೆ ತೊಳೆಯುವುದು ಇವರ ಪಾಲಿನ ಕೆಲಸ. ಫೋನಿನಲ್ಲಿ ತಾಸೆ ಹಾಕಿಕೊಂಡು ಸಿಂಕಿನ ಮುಂದೆ ನಿಂತರೆ, ಸೊಂಟದಿಂದ ಮೇಲಿನ ಮನುಷ್ಯ ಗಂಭೀರವಾಗಿ ಪಾತ್ರೆ ತೊಳೆಯುತ್ತಿದ್ದ, ಸೊಂಟದಿಂದ ಕೆಳಗಿನದು ಹುಲಿ ಕುಣಿಯುತ್ತಿತ್ತು. ಒಂದು ಸುತ್ತು ಮುಗಿದಾಗ ಎಡಗಾಲಿನ ಹಿಮ್ಮಡಿಯಿಂದ ಹಿಂದಕ್ಕೊಂದು ಒದೆತ. ಅದು ಊರಿನ ಯಾವ ಹುಲಿಯಲ್ಲೂ ಇಲ್ಲ, ಇವರದೇ ಸೇರ್ಪಡೆ. ಹಿಂದೆ ಇದ್ದ ಕಸದ ಡಬ್ಬಿ ಉರುಳಿ ಮೀನಿನ ಮುಳ್ಳೆಲ್ಲ ನೆಲದ ಮೇಲಾದಾಗ ನಾನು ಬೈದಿದ್ದೇನೆ, ಶ್ರಾವ್ಯ ನಕ್ಕಿದ್ದಾಳೆ. ಅವಳು ಅದಕ್ಕೆ 'ಡಸ್ಟ್‌ಬಿನ್ ಕಿಕ್' ಎಂದು ಹೆಸರಿಟ್ಟಿದ್ದಳು.

ಸರಿ, ಒಂದು ಶುಕ್ರವಾರ ಬೆಳಿಗ್ಗೆ ನಾವು ಮೂವರೂ ಲ್ಯಾಪ್‌ಟಾಪಿನ ಮುಂದೆ ಕೂತೆವು. ಅರಮನೆ ಈಗ ಇಲ್ಲ, ಅದು ಗಾಜಿನ ಮಾಲ್ ಆಗಿದೆ ಎಂದು ಶ್ರಾವ್ಯ ಓದಿ ಹೇಳಿದಳು. ಆದರೆ ಗ್ರೇಸಿಯಕ್ಕ ಹೇಳಿದಂತೆ ಊರೂರಿನವರು ತೆಗೆದು ಹಾಕಿದ ಹಳೆಯ ವಿಡಿಯೋಗಳು ಇದ್ದವು. ಮೊದಲನೆಯದು ಶುರುವಾಯಿತು. ಗುಡುಗು, ಹಳದಿ ಗಾಳಿ, ಕಂಬಕ್ಕೆ ಸಿಕ್ಕಿಸಿದ ಗರಿ, ಮುಸ್ಸಂಜೆಯ ಆಕಾಶ. ಇವರು ಹೇಳಿದ್ದು ಒಂದೂ ಸುಳ್ಳಾಗಿರಲಿಲ್ಲ. ಆಮೇಲೆ ಮೆರವಣಿಗೆ ಬಂತು. ಸುಲ್ತಾನ ದಪ್ಪ ಹೊಟ್ಟೆಯ ಬಿಳಿಯ. ವಜೀರ ಯಾರೋ ಚೀನಾದ ಮುದುಕ, ಗಡ್ಡ ಅಂಟಿಸಿಕೊಂಡಿದ್ದ.

"ಪಪ್ಪ ಎಲ್ಲಿ?" ಎಂದಳು ಶ್ರಾವ್ಯ.

"ಅವತ್ತು ರಜೆ ಇರಬಹುದು" ಎಂದೆ.

ಇನ್ನೊಂದು ವಿಡಿಯೋ. ಮತ್ತೊಂದು. ಕಾವಲಿನವರ ಮುಖ ಒಂದೊಂದಾಗಿ ನಿಲ್ಲಿಸಿ ನೋಡಿದೆವು. ಗ್ರೇಸಿಯಕ್ಕ ಕನ್ನಡಕ ಏರಿಸಿ, "ಈ ಮೂಲೆಯವ? ಗಡ್ಡ ತೆಗೆದರೆ?" ಎಂದು ಎಲ್ಲರನ್ನೂ ದಿನೇಶ ಮಾಡಲು ನೋಡಿದರು. ಗಡ್ಡ ತೆಗೆದರೂ ಯಾರೂ ದಿನೇಶ ಆಗಲಿಲ್ಲ. ಊಟದ ಹೊತ್ತಾಯಿತು. ಶ್ರಾವ್ಯ ಕುರ್ಚಿಗೆ ಒರಗಿದಳು.

"ಅಮ್ಮ, ಪಪ್ಪ ದರ್ಬಾರಿನಲ್ಲಿ ಇರಲೇ ಇಲ್ಲ. ಮೇಬಿ ಹೀ ಮೇಡ್ ಇಟ್ ಅಪ್. ಹೋಟೆಲಿನ ಅಡುಗೆಮನೆಯಲ್ಲೇ ಇದ್ದಿರಬಹುದು. ಇಟ್ಸ್ ಓಕೆ."

ಅವಳ 'ಇಟ್ಸ್ ಓಕೆ' ನನಗೆ ತಡೆಯಲಾಗಲಿಲ್ಲ. ನಡಿಗೆ ಹುಡುಕಲು ಹೋಗಿ ಮನುಷ್ಯನನ್ನೇ ಕಳೆದುಕೊಂಡು ಏಳುತ್ತೇವೇನೋ ಎನಿಸಿತು. "ಅಡುಗೆಮನೆಯಲ್ಲಿದ್ದರೆ ಎಂತ ಆಯ್ತು?" ಎಂದು ಗಟ್ಟಿಯಾಗಿ ಹೇಳಿದೆ. ಆದರೆ ಅಪ್ಪನ ಮುಂದೆ ಕೂತು "ನಾನು ಬಾರದೆ ಮೆರವಣಿಗೆ ಹೊರಡುವುದಿಲ್ಲ" ಎಂದ ಹುಡುಗನ ಮುಖ ಕಣ್ಣ ಮುಂದೆ ಬಂತು. ಆ ಮುಖದಲ್ಲಿ ಸುಳ್ಳು ಇರಲಿಲ್ಲ.

"ಇನ್ನೊಂದು ಹಾಕು ಮಗಾ, ಊಟಕ್ಕೆ ಏಳುವ ಮೊದಲು" ಎಂದರು ಗ್ರೇಸಿಯಕ್ಕ. ಊಟ ಅವರದ್ದೇ ಆಗಿತ್ತು, ಹಾಗಾಗಿ ಎದುರಾಡುವಂತಿರಲಿಲ್ಲ.

ಆ ವಿಡಿಯೋ ತೆಗೆದವರು ಯಾರೋ ಹೆಂಗಸು. ಚಿತ್ರ ಅಲುಗಾಡುತ್ತಿತ್ತು. ಗಾಳಿ ನಿಂತಿತು, ಕಾವಲಿನವರು ಸಾಲಾಗಿ ನಿಂತರು, ಬಟ್ಟೆಯ ಒಂಟೆ ಬಂದು ಮೆಟ್ಟಿಲ ಬದಿಯಲ್ಲಿ ನಿಂತಿತು. ಒಳಗೆ ಇಬ್ಬರು ಮನುಷ್ಯರು ಇರುತ್ತಾರಲ್ಲ, ಆ ತರಹದ ಒಂಟೆ. ಸುಲ್ತಾನ ಇಳಿಯುವಾಗ ಡೋಲು ಬಾರಿಸತೊಡಗಿದರು. ಅದು ಅರಬರ ಡೋಲೋ, ಚೀನಾದ ಡೋಲೋ, ಪೆಟ್ಟು ಮಾತ್ರ ನಮ್ಮ ತಾಸೆಯದೇ. ಒಂಟೆಯ ಮುಂದಿನ ಅರ್ಧ ಕುತ್ತಿಗೆ ನೆಟ್ಟಗೆ ಮಾಡಿ ಸುಲ್ತಾನನಿಗೆ ಮರ್ಯಾದೆ ಕೊಡುತ್ತಾ ನಿಂತಿತ್ತು. ಹಿಂದಿನ ಅರ್ಧ ಮೆಲ್ಲಗೆ ಅಲುಗಾಡಿತು. ಮತ್ತೆ ಅಲುಗಾಡಿತು. ಆಮೇಲೆ, ಮರ್ಯಾದೆ ಎಲ್ಲ ಬಿಟ್ಟು, ಹುಲಿ ಕುಣಿಯಲು ಶುರು ಮಾಡಿತು.

ಒಂಟೆಯ ತಲೆ ಗಾಬರಿಯಿಂದ ಹಿಂದೆ ತಿರುಗಿ ತನ್ನ ಕಾಲನ್ನು ತಾನೇ ನೋಡಿತು. ನೆರೆದವರು ನಗತೊಡಗಿದರು. ವಜೀರನ ಗಡ್ಡ ಜಾರಿತು. ಸುಲ್ತಾನ ಮೆಟ್ಟಿಲ ಮಧ್ಯದಲ್ಲೇ ನಿಂತ. ಮರುಭೂಮಿಯ ಆ ಅರಮನೆಯಲ್ಲಿ ಅಷ್ಟಮಿಯ ಒಂದು ಸುತ್ತು ಪೂರ್ತಿ ಮುಗಿಯಿತು. ಮುಗಿದಾಗ ಎಡಗಾಲಿನ ಹಿಮ್ಮಡಿ ಹಿಂದಕ್ಕೊಂದು ಒದೆಯಿತು.

"ಡಸ್ಟ್‌ಬಿನ್ ಕಿಕ್" ಎಂದಳು ಶ್ರಾವ್ಯ. ಅವಳ ಧ್ವನಿ ಬಹಳ ಸಣ್ಣದಾಗಿತ್ತು.

ಗ್ರೇಸಿಯಕ್ಕ ಕನ್ನಡಕ ತೆಗೆದರು. "ಅಯ್ಯೋ ಶಶಿ, ಈ ಹಿಂಗಾಲಿಗಾ ನಿನ್ನ ಅಪ್ಪ ಅಷ್ಟೆಲ್ಲ ವಿಚಾರಣೆ ಮಾಡಿ ಹೂಂ ಅಂದದ್ದು?" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಗುವಿನಿಂದ ಬಂದ ನೀರೋ ಮತ್ತೊಂದೋ, ನಾನು ಕೇಳಲಿಲ್ಲ. ನನ್ನದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಉಳಿದ ವಿಡಿಯೋಗಳನ್ನೂ ಮತ್ತೆ ಹಾಕಿ ನೋಡಿದೆವು, ಈ ಸಲ ಒಂಟೆಯನ್ನು ಮಾತ್ರ. ಬೆಳಿಗ್ಗೆ ಮುಖಗಳಷ್ಟನ್ನೇ ನೋಡಿ ಮುಂದಿನದಕ್ಕೆ ಹೋಗಿದ್ದರಿಂದ ಒಂಟೆ ತಪ್ಪಿಹೋಗಿತ್ತು. ಕೆಲವುಗಳಲ್ಲಿ ಹಿಂಗಾಲು ಬೇರೆ ಯಾರದೋ, ಸುಮ್ಮನೆ ಬಂದು ಸುಮ್ಮನೆ ಹೋಗುತ್ತದೆ. ಇನ್ನು ಕೆಲವುಗಳಲ್ಲಿ ಡೋಲು ಬಡಿದ ಕೂಡಲೇ ಹಿಂಗಾಲು ಕುಣಿಯುತ್ತದೆ, ತಲೆ ಗಾಬರಿಯಿಂದ ತಿರುಗುತ್ತದೆ, ಸುಲ್ತಾನ ಅದೇ ಮೆಟ್ಟಿಲಲ್ಲಿ ನಿಲ್ಲುತ್ತಾನೆ. ಮೊದಲ ದಿನ ಕಾಲು ತಡೆಯಲಾರದೆ ಆದ ತಪ್ಪನ್ನು ಅವರು ಷೋದಲ್ಲೇ ಸೇರಿಸಿಕೊಂಡಿರಬೇಕು. ಜನ ಅತಿ ಹೆಚ್ಚು ಚಪ್ಪಾಳೆ ಹೊಡೆದದ್ದು ಅಲ್ಲಿಯೇ. "ಹೀ ಡಿಡಿನ್ಟ್ ಲೈ, ಅಮ್ಮ" ಎಂದಳು ಶ್ರಾವ್ಯ. ನಿಜ. ದರ್ಬಾರಿನಲ್ಲೇ ಇದ್ದರು. ಇವರು ಬಾರದೆ ಮೆರವಣಿಗೆ ಹೊರಡುವಂತಿರಲಿಲ್ಲ, ಮುಂದಿನ ಎರಡೇ ಕಾಲಿನಲ್ಲಿ ಒಂಟೆ ಎಲ್ಲಿಗೆ ಹೋದೀತು? ಮುಂದೆ ರೋಮೆಲ್ ಒಬ್ಬನೇ ಇದ್ದ. ಅಪ್ಪನಿಗೆ ಇವರು ಹೇಳಿದ ಒಂದೊಂದು ಮಾತೂ ನಿಂತಲ್ಲೇ ನಿಂತಿತ್ತು, ವಜೀರನನ್ನು ಮಾಡಿದವರು ನಾವು. ಸಿಂಹಾಸನದ ಆ ಫೋಟೋ ಷೋ ಮುಗಿದ ಮೇಲೆ ತೆಗೆಸಿಕೊಂಡದ್ದಿರಬೇಕು.

ಕುಣಿತಕ್ಕಿಂತ ನನಗೆ ಬೇಕಾದದ್ದು ಅದರ ನಂತರದ್ದು. ಸುಲ್ತಾನ ಕೂತ ಮೇಲೆ ಒಂಟೆ ತಿರುಗಿ ಹೊರಗೆ ಹೋಗುತ್ತದೆ. ತೆಗೆಯುವ ಹೆಂಗಸು ಅದನ್ನು ಬಾಗಿಲವರೆಗೂ ಹಿಂಬಾಲಿಸಿದ್ದಾಳೆ, ಅವಳಿಗೆ ಪುಣ್ಯ ಬರಲಿ. ಕಂದು ಬಟ್ಟೆಯ ಎರಡು ಕಾಲುಗಳು, ಎಡ ಪಾದ ಸ್ವಲ್ಪ ಹೊರಗೆ ಚಾಚಿ, ಹಿಮ್ಮಡಿ ಮೆತ್ತಗೆ ಇಟ್ಟು, ಮುಂದಿನವನ ಎಡಗಾಲಿಗೆ ಎಡಗಾಲು, ಬಲಗಾಲಿಗೆ ಬಲಗಾಲು ಸೇರಿಸಿಕೊಂಡು ಹೋಗುತ್ತವೆ. ಮುಖ ಇಲ್ಲ, ಧ್ವನಿ ಇಲ್ಲ. ನಾವು ಕೇಳಿದ್ದು ನಡಿಗೆ ಮಾತ್ರ. ಸಿಕ್ಕಿದ್ದೂ ನಡಿಗೆ ಮಾತ್ರ. ಶ್ರಾವ್ಯ ಅದನ್ನು ತನ್ನ ಫೋನಿನಲ್ಲಿ ಇಟ್ಟುಕೊಂಡಿದ್ದಾಳೆ. ಗೆಳತಿಯರಿಗೆ ತೋರಿಸಿ, "ಮೈ ಡ್ಯಾಡ್" ಎನ್ನುತ್ತಾಳಂತೆ. ಅವರು ಏನು ತಿಳಿದುಕೊಳ್ಳುತ್ತಾರೋ ಗೊತ್ತಿಲ್ಲ.

ನಾನು ಕೆಲಸ ಮಾಡುವುದು ಮರುಭೂಮಿಯ ಬದಿಯ ಊರಾದ ಜಹ್ರಾದ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ. ಇವರಿದ್ದಾಗ ತಮ್ಮ ರಜೆಯ ದಿನ ಕಾರು ತಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಬೇಲಿಯಾಚೆ ಒಂಟೆಗಳು ಕಂಡರೆ ಕಾರು ನಿಲ್ಲಿಸಿ, ಇಳಿದು, ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದರು. "ಎಲ್ಲರೂ ಮುಂದಿನ ಕಾಲು, ಮುಖ ನೋಡುವುದು. ಭಾರ ಹೊರುವುದು ಹಿಂದಿನದ್ದು ಮಾರಾಯ್ತಿ" ಎಂದು ಒಮ್ಮೆ ಹೇಳಿದ್ದರು. ಸಂಸಾರದ ಬಗ್ಗೆ ನನಗೆ ಏನೋ ಚುಚ್ಚುತ್ತಿದ್ದಾರೆಂದು ನಾನು ಮನೆ ಮುಟ್ಟುವವರೆಗೆ ಮಾತು ಬಿಟ್ಟಿದ್ದೆ. ಪಾಪ, ಅವರು ನಿಜವಾಗಿಯೂ ಒಂಟೆಯ ಬಗ್ಗೆಯೇ ಹೇಳಿದ್ದರು.

ಈಗ ನಾನು ಹೋಗಿ ಬರುವುದು ಕ್ಲಿನಿಕ್ಕಿನ ವ್ಯಾನಿನಲ್ಲಿ. ಮೊನ್ನೆ ಒಂಟೆಗಳ ಹಿಂಡೊಂದು ರಸ್ತೆಯ ಬದಿಗೇ ಬಂದಿತ್ತು. ಹೊಸದಾಗಿ ಸೇರಿದ ನರ್ಸುಗಳು ಕಿರುಚಾಡಿದ್ದರಿಂದ ಡ್ರೈವರ್ ಭಾಯಿ ವ್ಯಾನು ನಿಲ್ಲಿಸಿದ. ಹುಡುಗಿಯರೆಲ್ಲ ಒಂಟೆಯ ಮುಖದ ಜೊತೆ ಸೆಲ್ಫಿಗೆ ನಿಂತರು. ನಾನು ಸುತ್ತು ಹಾಕಿ ಹಿಂದೆ ಹೋಗಿ ಸೊಂಟಕ್ಕೆ ಕೈ ಕೊಟ್ಟು ನಿಂತೆ. ನೋಡಿದೆ, ಒಂದು ದೊಡ್ಡ ಒಂಟೆ ನನ್ನ ಮುಂದೆಯೇ ನಡೆದು ಹೋಯಿತು.

"ಕ್ಯಾ ದೇಖ್ ರಹೇ ಹೋ ಮೇಡಂ? ಖರೀದ್‌ನಾ ಹೈ?" ಎಂದ ಭಾಯಿ, ಒಂಟೆ ಕೊಳ್ಳಲು ಬಂದವಳನ್ನು ಕೇಳುವಂತೆ.

ನನ್ನ ಬಾಯಿಂದ ಮಾತು ತಾನಾಗಿ ಬಂತು, ಅದೂ ತುಳುವಿನಲ್ಲಿ. ಅವನಿಗೆ ಅರ್ಥವಾಗಲಿಲ್ಲ, ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ. "ನಡಿಗೆ ಪರವಾಗಿಲ್ಲ. ಆದರೆ ಇದಕ್ಕೆ ಕುಣಿಯಲಿಕ್ಕೆ ಬರುವುದಿಲ್ಲ" ಎಂದೆ, ಬಂದು ವ್ಯಾನಿನಲ್ಲಿ ಕೂತೆ.